ಎರಡು ಮೇಜುಗಳ ನಡುವೆ

ಕರ್ನಾಟಕದ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಕಾಗದದ ಮೇಲೆ ಟಿಪ್ಪಣಿ ಬರೆದು ಪಳಗಿದ ಹಿರಿಯರೂ, ಕಡತವನ್ನು ಗಣಕಯಂತ್ರದಲ್ಲಿಯೇ ಕಂಡ ಕಿರಿಯರೂ ಒಂದೇ ಕೊಠಡಿಯಲ್ಲಿದ್ದಾರೆ. ಕಿರಿಯನು ಎದುರಿನ ಮೇಜಿಗೂ ಮೊಬೈಲಿನಲ್ಲೇ ಸಂದೇಶ ಕಳುಹುವನು. ಹಿರಿಯರು, ಅವನು ಎದ್ದುಬಂದು ಕೇಳಲೆಂದು ಕಾಯುವರು. ಅವನಿಗದು ವೇಳೆಯ ಉಳಿತಾಯ, ಇವರಿಗೆ ಅನಾದರ. (ಎದ್ದುಹೋಗಲು ಹಿರಿಯರಿಗೂ ಕಾಲುಗಳುಂಟೆಂಬುದನ್ನು ಹಿರಿಯನಾದ ನಾನೂ ಒಪ್ಪಬೇಕು.)

ಮೊನ್ನೆ ಒಂದು ಕಚೇರಿಯಲ್ಲಿ ಕಂಡುದು: ಕುಟುಂಬ ಪಿಂಚಣಿಗೆ ಅರ್ಜಿಯಿತ್ತ ತಾಯಿಯೊಬ್ಬರ ಹೆಸರು ಪತಿಯ ಸೇವಾಪುಸ್ತಕದಲ್ಲಿ ಒಂದು ತೆರ, ಆಧಾರ್ ಚೀಟಿಯಲ್ಲಿ ಇನ್ನೊಂದು ತೆರ. ಸರಿಪಡಿಸುವ ಕ್ರಮ ಹಿರಿಯರಿಗೆ ಗೊತ್ತು. ಅದನ್ನು ಗಣಕಯಂತ್ರಕ್ಕೆ ಏರಿಸುವ ಬಗೆ ಕಿರಿಯನಿಗೆ. ಮೇಜುಗಳ ನಡುವಿನ ಅಂತರ ಆರೇ ಅಡಿ. ಆ ತಾಯಿ ಮೂರನೆಯ ಸಲ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು.