ನೀರು ತುಂಬಿಸುವುದು ಚಿಕಿತ್ಸೆಯಲ್ಲ



ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ಕುಟುಂಬಗಳಲ್ಲಿ ಸಲಾಲಾ ಪ್ರವಾಸದ ಮಾತು ಆರಂಭವಾಗುತ್ತದೆ. ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯ ಮಾನ್ಸೂನಿನ ಒಂದು ಅಂಚು ಧೋಫಾರ್ ಬೆಟ್ಟಗಳನ್ನು ತಾಕಿದಾಗ ಅಲ್ಲಿ ಖರೀಫ್ ಋತು ಪ್ರಾರಂಭವಾಗುತ್ತದೆ. ಮಲೆನಾಡಿನ ಮಂಜನ್ನೂ ಕರಾವಳಿಯ ಜಿಟಿಜಿಟಿ ಮಳೆಯನ್ನೂ ನೆನೆದು ಹಂಬಲಿಸುವ ನಮಗೆ ಆ ಹಸಿರು ಒಂದು ವರವೇ ಸರಿ. ಆದರೆ ಮಸ್ಕತ್‌ನಿಂದ ಅಲ್ಲಿಗೆ ತಲುಪಲು ಸುಮಾರು 1,000 ಕಿಲೋಮೀಟರ್ ಕ್ರಮಿಸಬೇಕು. ನಿಜ್ವಾ, ಆದಂ ದಾಟಿದ ಮೇಲೆ ಹೈಮಾ, ಅಲ್ಲಿಂದ ಥುಮ್ರೈತ್. ನಡುವೆ ಉದ್ದಕ್ಕೂ ಮರಳುಗಾಡು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅಂಥ ಹಾದಿಯಲ್ಲಿ ಎಂಜಿನ್ ಕಾದು ವಾಹನ ನಿಂತರೆ ಅದು ವಾಹನದ ತೊಂದರೆಯಾಗಿ ಮಾತ್ರ ಉಳಿಯುವುದಿಲ್ಲ. ಹಿಂದಿನ ಆಸನದಲ್ಲಿರುವ ಮಗುವಿನ, ಊರಿನಿಂದ ಬಂದಿರುವ ಅಜ್ಜ-ಅಜ್ಜಿಯರ ಪ್ರಾಣದ ಪ್ರಶ್ನೆಯಾಗುತ್ತದೆ. ವೈದ್ಯನಾದ ನಾನು ಕಾರಿನ ಕೂಲಂಟ್ ಕುರಿತು ಬರೆಯಲು ಇದೇ ಮೊದಲನೆಯ ಕಾರಣ.

ಎರಡನೆಯ ಕಾರಣ, ನಮ್ಮಲ್ಲಿ ಬೇರೂರಿರುವ ಒಂದು ಅಭ್ಯಾಸ. ಸಂಘದ ಕಾರ್ಯಕ್ರಮ ಮುಗಿದು ಪಾರ್ಕಿಂಗ್‌ನಲ್ಲಿ ಮಾತಿಗೆ ನಿಂತಾಗ ಈ ಮಾತು ಎಷ್ಟೋ ಸಲ ಕೇಳಿಬರುತ್ತದೆ: "ಗಾಡಿ ಸ್ವಲ್ಪ ನೀರು ಕುಡಿಯುತ್ತೆ ಡಾಕ್ಟ್ರೇ, ಎರಡು ವಾರಕ್ಕೊಮ್ಮೆ ತುಂಬಿಸ್ತೀನಿ, ಏನೂ ತೊಂದ್ರೆ ಇಲ್ಲ." ರಕ್ತಸ್ರಾವವಾಗುತ್ತಿರುವ ರೋಗಿಗೆ ಬಾಟಲಿಯ ಮೇಲೆ ಬಾಟಲಿ ರಕ್ತ ಕೊಡುತ್ತ, ಗಾಯ ಎಲ್ಲಿದೆ ಎಂದು ನೋಡದಿರುವ ವೈದ್ಯನನ್ನು ನೀವು ಒಪ್ಪುತ್ತೀರಾ? ಸುಸ್ಥಿತಿಯಲ್ಲಿರುವ ಎಂಜಿನ್ ನೀರು ಕುಡಿಯುವುದಿಲ್ಲ. ಅದರ ತಂಪು ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ವರ್ಷದಲ್ಲಿ ರಿಸರ್ವ್ ಬಾಟಲಿಯ ಮಟ್ಟ ಅಲ್ಪಸ್ವಲ್ಪ ತಗ್ಗಬಹುದು. ಪ್ರತಿ ತಿಂಗಳೂ ತುಂಬಿಸಬೇಕಾಗಿ ಬಂದರೆ ಅದು ಎಲ್ಲಿಯೋ ಹೊರಹೋಗುತ್ತಿದೆ ಎಂದೇ ಅರ್ಥ. "ಇಲ್ಲಿಯ ಬಿಸಿಲಿಗೆ ಆವಿಯಾಗುತ್ತದೆ" ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಇಲ್ಲಿ ಒತ್ತಡದ ಪಾತ್ರವನ್ನು ಅರಿಯುವುದು ಮುಖ್ಯ. ನಮ್ಮ ಅಡುಗೆಮನೆಯ ಕುಕ್ಕರನ್ನೇ ನೆನಪಿಸಿಕೊಳ್ಳಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಹೆಚ್ಚಿಸಿದರೆ ಕುದಿಯುವ ಬಿಂದುವೂ ಮೇಲೇರುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಕೂಲಂಟ್ ಸಾಮಾನ್ಯ ಒತ್ತಡದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳವು ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಟ್ಟರೆ ಅದೇ ದ್ರವ 125 ಡಿಗ್ರಿ ದಾಟಿದರೂ ಕುದಿಯದೆ ಉಳಿಯುತ್ತದೆ. ಅಂದರೆ ಕೆಲವೇ ರಿಯಾಲ್ ಬೆಲೆಯ ಆ ಮುಚ್ಚಳ ಬರಿಯ ಮುಚ್ಚಳವಲ್ಲ, ಒಂದು ಕವಾಟ. ಒತ್ತಡ ಮಿತಿ ಮೀರಿದಾಗ ಕೂಲಂಟನ್ನು ರಿಸರ್ವ್ ಬಾಟಲಿಗೆ ಬಿಡುವುದು, ಎಂಜಿನ್ ತಣಿದಾಗ ಅದನ್ನು ಮರಳಿ ಒಳಗೆ ಸೆಳೆದುಕೊಳ್ಳಲು ದಾರಿ ಕೊಡುವುದು, ಇವೆರಡೂ ಅದರ ಕೆಲಸ. ಅದರ ಸ್ಪ್ರಿಂಗ್ ಸಡಿಲವಾದರೆ ಅಥವಾ ರಬ್ಬರ್ ಬಿರಿದರೆ, ಎಲ್ಲಿಯೂ ತೂತಿಲ್ಲದ ವಾಹನವೂ ಕೂಲಂಟ್ ಕಳೆದುಕೊಳ್ಳುತ್ತದೆ. ತಣಿದ ಎಂಜಿನ್ನಿನ ಮೇಲಿನ ರಬ್ಬರ್ ಕೊಳವೆ ಚಪ್ಪಟೆಯಾಗಿ ಕುಗ್ಗಿದ್ದರೆ, ಒಳಸೆಳೆಯುವ ಕವಾಟ ಅಂಟಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಹೊಸ ಮುಚ್ಚಳ ಹಾಕುವಾಗ ಅದೇ ವಾಹನಕ್ಕೆ ಸೂಚಿಸಿದ ಒತ್ತಡದ್ದನ್ನೇ ಹಾಕಬೇಕು. ಹೆಚ್ಚಿನ ಒತ್ತಡದ್ದು ಉತ್ತಮವೆಂಬುದು ಭ್ರಮೆ.

ರೋಗನಿರ್ಣಯಕ್ಕೆ ನಾವು ಕಲಿತ ಕ್ರಮವೊಂದಿದೆ: ಮೊದಲು ವೃತ್ತಾಂತ, ಬಳಿಕ ದೈಹಿಕ ಪರೀಕ್ಷೆ, ಆಮೇಲೆ ಪ್ರಯೋಗಾಲಯದ ಪರೀಕ್ಷೆ, ಕೊನೆಗೆ ಚಿಕಿತ್ಸೆ. ವಾಹನಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ.

ವೃತ್ತಾಂತವನ್ನು ಮಾಲೀಕನೇ ಹೇಳಬೇಕು. ಎಷ್ಟು ದಿನಕ್ಕೆ ಎಷ್ಟು ಕಡಿಮೆಯಾಗುತ್ತದೆ? ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯೇರಿ, ವೇಗ ಹಿಡಿದಾಗ ಇಳಿಯುತ್ತದೆಯೇ? ಹಾಗಿದ್ದರೆ ಸಂಶಯ ರೇಡಿಯೇಟರ್ ಫ್ಯಾನಿನ ಮೇಲೆ. ಹೆದ್ದಾರಿಯಲ್ಲಿ, ಏರಿನಲ್ಲಿ ಬಿಸಿಯೇರಿದರೆ ಕಟ್ಟಿಕೊಂಡ ರೇಡಿಯೇಟರ್, ಸರಿಯಾಗಿ ತೆರೆಯದ ಥರ್ಮೋಸ್ಟಾಟ್, ದುರ್ಬಲ ವಾಟರ್ ಪಂಪ್ ಇವನ್ನು ನೆನೆಯಬೇಕು. ಇತ್ತೀಚೆಗೆ ಕೂಲಂಟ್ ಬದಲಿಸಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಒಂದು ಚೀಟಿಯಲ್ಲಿ ದಿನಾಂಕ, ಕಿಲೋಮೀಟರ್, ಹಾಕಿದ ಪ್ರಮಾಣ ಇಷ್ಟು ಬರೆದಿಟ್ಟರೂ ಮೆಕ್ಯಾನಿಕ್‌ಗೆ ಅರ್ಧ ದಾರಿ ತೋರಿಸಿದಂತೆ.

ಪರೀಕ್ಷೆಯನ್ನು ಬೆಳಗಿನ ಜಾವ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಬೇಕು. ರೇಡಿಯೇಟರಿನ ಪ್ಲಾಸ್ಟಿಕ್ ಭಾಗವೂ ಅಲ್ಯೂಮಿನಿಯಂ ಭಾಗವೂ ಕೂಡುವ ಅಂಚಿನಲ್ಲಿ, ಕೊಳವೆಗಳ ಕ್ಲಿಪ್‌ಗಳ ಬಳಿ, ವಾಟರ್ ಪಂಪಿನ ಕೆಳಗಿನ ಪುಟ್ಟ ರಂಧ್ರದ ಸುತ್ತ ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಕಲೆ ಕಂಡರೆ ಅದು ಸೋರಿಕೆಯ ಹೆಜ್ಜೆಗುರುತು. ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಒಣಗುವುದರಿಂದ ನೆಲದ ಮೇಲೆ ಏನೂ ಕಾಣದಿರಬಹುದು. ಕಾರಿನೊಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ಮುಟ್ಟಿ ನೋಡಿ: ಏಸಿಯ ನೀರಿಗೆ ಅಂಟೂ ಇಲ್ಲ, ವಾಸನೆಯೂ ಇಲ್ಲ, ಹೀಟರಿನಿಂದ ಸೋರಿದ ಕೂಲಂಟ್ ಜಿಗುಟಾಗಿದ್ದು ಸಿಹಿ ವಾಸನೆ ಬೀರುತ್ತದೆ. ಮುಟ್ಟಿದ ಬಳಿಕ ಕೈ ತೊಳೆಯುವುದನ್ನು ಮರೆಯಬೇಡಿ.

ಮೂರನೆಯದು ಪ್ರೆಶರ್ ಟೆಸ್ಟ್. ಸೈಕಲ್ ಪಂಪಿನಂಥ ಚಿಕ್ಕ ಉಪಕರಣವನ್ನು ರೇಡಿಯೇಟರಿನ ಬಾಯಿಗೆ ಕೂಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ತುಂಬಿ, ಹತ್ತು ಹದಿನೈದು ನಿಮಿಷ ಕಾಯುವುದು, ಅಷ್ಟೇ. ಮುಳ್ಳು ಸ್ಥಿರವಾಗಿದ್ದರೆ ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸಬೇಕು. ಮುಳ್ಳು ಇಳಿದು ಹೊರಗೆ ಹನಿ ಕಂಡರೆ ಸೋರುವ ಜಾಗ ಸಿಕ್ಕಿತು. ಮುಳ್ಳು ಇಳಿದೂ ಹೊರಗೆ ಏನೂ ಕಾಣದಿದ್ದರೆ ಆಗ ಒಳಗಿನ ಸೋರಿಕೆಯನ್ನು, ಹೆಡ್ ಗ್ಯಾಸ್ಕೆಟನ್ನು ಶಂಕಿಸುವುದು ನ್ಯಾಯ.

ಹೆಡ್ ಗ್ಯಾಸ್ಕೆಟ್ ಎಂಬ ಹೆಸರು ಕೇಳಿದೊಡನೆ ನಮ್ಮವರ ಎದೆ ಝಲ್ಲೆನ್ನುತ್ತದೆ; ಅದರ ದುರಸ್ತಿ ನೂರಾರು ರಿಯಾಲ್‌ಗಳ ಮಾತು. ಅದಕ್ಕೂ ಸಾಕ್ಷ್ಯ ಕೇಳುವ ಹಕ್ಕು ನಮಗಿದೆ. ರಾತ್ರಿಯಿಡೀ ತಣಿದ ಎಂಜಿನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಕೊಳವೆ ಕಲ್ಲಿನಂತೆ ಗಟ್ಟಿಯಾದರೆ ಅದು ಬಿಸಿಯ ಒತ್ತಡವಲ್ಲ, ಸಿಲಿಂಡರಿನಿಂದ ನುಗ್ಗಿದ ಅನಿಲದ ಒತ್ತಡ. ಕೂಲಂಟ್‌ನಲ್ಲಿ ನಿಲ್ಲದೆ ಏಳುವ ಗುಳ್ಳೆ, ಸಿಹಿ ವಾಸನೆಯ ಬಿಳಿ ಹೊಗೆ, ಹಾಲು ಬೆರೆತ ಕಾಫಿಯಂತಾದ ಎಂಜಿನ್ ಆಯಿಲ್ ಇವೂ ಲಕ್ಷಣಗಳೇ. ದೃಢಪಡಿಸಲು ಸರಳವಾದ ರಾಸಾಯನಿಕ ಪರೀಕ್ಷೆಯೊಂದಿದೆ: ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಿದಾಗ, ದಹನದ ಇಂಗಾಲದ ಡೈಆಕ್ಸೈಡ್ ಇದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ದ್ರವ ಹಳದಿಗೆ ತಿರುಗುತ್ತದೆ. ಎಂಜಿನ್ ಬಿಚ್ಚುವ ಮೊದಲು ಈ ಪರೀಕ್ಷೆ ಆಗಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಳೆದ ವರ್ಷ ನಮ್ಮ ಮನೆಯ ಹಳೆಯ ವಾಹನದಲ್ಲೂ ಕೂಲಂಟ್ ಮಟ್ಟ ಎರಡು ವಾರಕ್ಕೆ ಎರಡು ಬೆರಳಿನಷ್ಟು ಇಳಿಯುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ಎತ್ತಿ ಇಣುಕಿ ನೋಡಿದೊಡನೆ ಹೆಡ್ ಗ್ಯಾಸ್ಕೆಟ್ ಎಂದರು. ಮೊದಲು ಪ್ರೆಶರ್ ಟೆಸ್ಟ್ ಮಾಡಿಸಬೇಕೆಂದು ನಾನು ಇನ್ನೊಂದು ಕಡೆಗೆ ಒಯ್ದೆ. ಒತ್ತಡ ತುಂಬಿ ಕಾಯುತ್ತಿದ್ದಂತೆ ರೇಡಿಯೇಟರಿನ ಪ್ಲಾಸ್ಟಿಕ್ ಅಂಚಿನಿಂದ ಹನಿ ಜಿನುಗಿತು. ರೇಡಿಯೇಟರ್ ಮತ್ತು ಮುಚ್ಚಳ ಬದಲಿಸಿದ ಬಳಿಕ ಮಟ್ಟ ಇಳಿದಿಲ್ಲ.

ಇಷ್ಟರಿಂದ ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎಂದು ಯಾರೂ ತಿಳಿಯಬಾರದು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ದುಡಿಯುವ ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ. ದೋಷದ ಹೆಚ್ಚಿನ ಪಾಲು ಗ್ರಾಹಕರಾದ ನಮ್ಮದು ಎಂಬುದೇ ಈ ಲೇಖನದ ಮುಖ್ಯ ವಾದ. ಇಂಜೆಕ್ಷನ್ ಚುಚ್ಚದ ವೈದ್ಯ ವೈದ್ಯನೇ ಅಲ್ಲ ಎಂದು ನಂಬುವ ರೋಗಿಗಳನ್ನು ನಾನು ಊರಿನಲ್ಲೂ ಕಂಡಿದ್ದೇನೆ, ಇಲ್ಲಿಯೂ ಕಾಣುತ್ತಿದ್ದೇನೆ. ಅರ್ಧ ಗಂಟೆ ಪರೀಕ್ಷಿಸಿ "ಔಷಧ ಬೇಡ" ಎಂದವನಿಗೆ ಶುಲ್ಕ ಕೊಡಲು ಅವರಿಗೆ ಮನಸ್ಸಿಲ್ಲ. ವರ್ಕ್‌ಶಾಪಿನಲ್ಲಿ ನಾವು ಮಾಡುವುದೂ ಅದನ್ನೇ. ಬಿಡಿಭಾಗಕ್ಕೆ ಹಣ ಕೊಡುತ್ತೇವೆ. ದೋಷ ಹುಡುಕಿದ ಬುದ್ಧಿಗೂ ಸಮಯಕ್ಕೂ ಕೊಡುವುದಿಲ್ಲ. ಹುಡುಕುವ ಕೆಲಸಕ್ಕೆ ಕೂಲಿ ಸಿಗದಿದ್ದಾಗ ಊಹೆಯಿಂದ ಒಂದೊಂದೇ ಭಾಗ ಬದಲಿಸುವುದು ಅವರಿಗೆ ಅನಿವಾರ್ಯವಾಗುತ್ತದೆ. ಆದುದರಿಂದ "ಮೊದಲು ಪರೀಕ್ಷೆ ಮಾಡಿ, ಅದಕ್ಕೆ ತಗಲುವ ಹಣವನ್ನು ಬೇರೆಯಾಗಿ ಕೊಡುತ್ತೇನೆ" ಎಂದು ನಾವೇ ಮುಂದಾಗಿ ಹೇಳಬೇಕು.

"ಇನ್ನು ಆರು ತಿಂಗಳಲ್ಲಿ ಗಾಡಿ ಮಾರುತ್ತೇನೆ, ಅಲ್ಲಿಯವರೆಗೆ ನೀರು ತುಂಬಿಸಿದರೆ ಸಾಕು" ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಇದು. ಸಣ್ಣ ಸೋರಿಕೆಯಿಂದ ಮಟ್ಟ ತಗ್ಗಿ ಒಮ್ಮೆ ಎಂಜಿನ್ ಮಿತಿಮೀರಿ ಕಾದರೆ ಅಲ್ಯೂಮಿನಿಯಂ ಹೆಡ್ ಬಾಗಬಹುದು. ಅಲ್ಲಿಯವರೆಗೆ ಚೆನ್ನಾಗಿದ್ದ ಗ್ಯಾಸ್ಕೆಟ್ ಆಗ ನಿಜವಾಗಿಯೂ ಹಾಳಾಗುತ್ತದೆ. ಬರಿಯ ನಲ್ಲಿ ನೀರು ಸುರಿಯುತ್ತ ಹೋದಂತೆ ಕೂಲಂಟ್ ತೆಳುವಾಗಿ ಕುದಿಯುವ ಬಿಂದು ಇಳಿಯುತ್ತದೆ, ತುಕ್ಕು ತಡೆಯುವ ಗುಣವೂ ಕುಗ್ಗುತ್ತದೆ. ಸೋರಿಕೆ ಮುಚ್ಚುವ ದ್ರವ ಸುರಿದರೆ ಅದು ಸೋರುವ ಜಾಗವನ್ನಷ್ಟೇ ಅಲ್ಲ, ರೇಡಿಯೇಟರಿನ ಸಣ್ಣ ನಾಳಗಳನ್ನೂ ಕಟ್ಟಬಹುದು. ಮುಳ್ಳನ್ನು ನಂಬಿ ಕೂರುವಂತೆಯೂ ಇಲ್ಲ. ಕೂಲಂಟ್ ಬರಿದಾದಾಗ ಸೆನ್ಸರ್ ದ್ರವದಲ್ಲಿ ಮುಳುಗಿರದೆ ತಪ್ಪು ಉಷ್ಣತೆ ತೋರಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು?

ಇನ್ನು ವೈದ್ಯನಾಗಿ ಹೇಳಲೇಬೇಕಾದ ಎರಡು ಮಾತು.

ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಮುಚ್ಚಳ ಸಡಿಲವಾಗಿ ಒತ್ತಡ ಇಳಿದ ಕ್ಷಣವೇ ಒಳಗಿನ ದ್ರವ ಕುದಿದು ಮುಖ, ಎದೆ, ಕೈಗಳ ಮೇಲೆ ಚಿಮ್ಮುತ್ತದೆ. ಮುಳ್ಳು ಕೆಂಪಿಗೆ ಏರಿದರೆ ಏಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆದು, ರಸ್ತೆಯಿಂದ ಸುರಕ್ಷಿತವಾಗಿ ಬದಿಗೆ ಸರಿದು ಎಂಜಿನ್ ನಿಲ್ಲಿಸಿ. ಎಂಜಿನ್ ಕೈಯಿಂದ ಮುಟ್ಟುವಷ್ಟು ತಣಿಯುವವರೆಗೆ ಮುಚ್ಚಳದ ಗೊಡವೆ ಬೇಡ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ. ಮಕ್ಕಳನ್ನೂ ಹಿರಿಯರನ್ನೂ ನೆರಳಿಗೆ ಕರೆದೊಯ್ದು ಕುಡಿಯಲು ನೀರು ಕೊಡಿ, ಅಗತ್ಯವಿದ್ದರೆ 9999ಕ್ಕೆ ಕರೆ ಮಾಡಿ. ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ತಂಪಾದ ನೀರು ಹರಿಸಿ. ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಬಳೆ, ಉಂಗುರ ತೆಗೆದು, ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೆಯದು, ಕೂಲಂಟ್ ವಿಷ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಬಣ್ಣದಲ್ಲಿ ಶರಬತ್ತಿನಂತೆ. ಹೊಟ್ಟೆ ಸೇರಿದರೆ ಮೊದಲು ಮದ್ಯದಂಥ ಅಮಲು. ಬಳಿಕ ಯಕೃತ್ತಿನಲ್ಲಿ ಅದು ಆಮ್ಲಗಳಾಗಿ ಮಾರ್ಪಟ್ಟು, ಆಕ್ಸಲೇಟ್ ಹರಳುಗಳು ಮೂತ್ರಪಿಂಡವನ್ನು ಹಾಳುಗೆಡವುತ್ತವೆ. ಮಗುವಿಗೆ ಕೆಲವೇ ಗುಟುಕು ಮಾರಕವಾಗಬಹುದು. ಫೋಮೆಪಿಜೋಲ್ ಎಂಬ ಪ್ರತಿವಿಷವೂ ಡಯಾಲಿಸಿಸ್ಸೂ ಇವೆ, ಆದರೆ ಫಲ ಸಿಗುವುದು ಬೇಗ ಬಂದವರಿಗೆ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಳಿದ ಕೂಲಂಟನ್ನು ನೀರಿನ ಅಥವಾ ಜ್ಯೂಸ್ ಬಾಟಲಿಯಲ್ಲಿ ತುಂಬಿ ಡಿಕ್ಕಿಯಲ್ಲಿಡುವ ಅಭ್ಯಾಸವನ್ನು ಇಂದೇ ಬಿಡಿ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸಲಹೆ. ಪ್ರತಿ ವರ್ಷ ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರ ನಡೆಸುವ ನಾವು ಈ ಬಾರಿ ಜೂನ್ ಆರಂಭದ ಒಂದು ಶುಕ್ರವಾರ, ಬಿಸಿಲೇರುವ ಮೊದಲು, ವಾಹನಗಳ ಒತ್ತಡವನ್ನೂ ತಪಾಸಿಸೋಣ. ನಮ್ಮ ಸದಸ್ಯರಲ್ಲಿ ಮೆಕ್ಯಾನಿಕಲ್ ಎಂಜಿನಿಯರರಿಗೆ ಕೊರತೆಯಿಲ್ಲ. ಪ್ರೆಶರ್ ಟೆಸ್ಟರ್ ದುಬಾರಿ ವಸ್ತುವೂ ಅಲ್ಲ. ಸಲಾಲಾದಿಂದ ಮರಳುವಾಗ ತುಂಬಿದ ವಾಹನ, ಓಡುತ್ತಿರುವ ಏಸಿ, ಥುಮ್ರೈತ್ ಕಡೆಯ ಕಡಿದಾದ ಏರು ಇವು ಮೂರೂ ಒಟ್ಟಿಗೆ ಎಂಜಿನ್ನಿನ ಸತ್ವಪರೀಕ್ಷೆ ಮಾಡುತ್ತವೆ. ಆ ಪರೀಕ್ಷೆಯನ್ನು ಮರಳುಗಾಡಿಗೆ ಬಿಡದೆ ನಮ್ಮ ಅಂಗಳದಲ್ಲೇ ಮುಗಿಸುವುದು ಲೇಸು. ಶಿಬಿರಕ್ಕೆ ಹೆಸರು ಕೊಡಲು ಇಚ್ಛಿಸುವವರು ಸಮಿತಿಯವರಿಗೆ ತಿಳಿಸಿ. ಹಿಂದಿನ ರಾತ್ರಿ ವಾಹನವನ್ನು ತಣಿಯಲು ಬಿಟ್ಟು, ರಿಸರ್ವ್ ಬಾಟಲಿಗೆ ಏನನ್ನೂ ಸೇರಿಸದೆ, ಇದ್ದ ಸ್ಥಿತಿಯಲ್ಲೇ ತನ್ನಿ.

ಎಲ್ಲರ ಪ್ರಯಾಣವೂ ಸುಖಕರವಾಗಲಿ.

— ಸಂಘದ ಸ್ವಯಂಸೇವಕ ವೈದ್ಯ (ಎಂ.ಬಿ.ಬಿ.ಎಸ್.), ಮಸ್ಕತ್