ಜಗಲಿಯ ಮಾತು: ಮುತ್ತು, ಕೊಡ, ಬಾವುಟ

ಯಲ್ಲಾಪುರ ಸೀಮೆಯ ನಂದೊಳ್ಳಿಯಿಂದ ಗೃಹಿಣಿಯೊಬ್ಬರು ಪತ್ರ ಬರೆದು ಒಂದು ಸಂಗತಿಯನ್ನು ಕೇಳಿರುವರು. ಹುಬ್ಬಳ್ಳಿಯಲ್ಲಿ ಓದುತ್ತಿರುವ ಅವರ ಮೊಮ್ಮಗನು ರಜೆಗೆ ಬಂದಾಗ ಅಂಗೈಯಗಲದ ಬಾವುಟವೊಂದನ್ನು ತಂದು ತನ್ನ ಕೋಣೆಯ ಗೋಡೆಗೆ ಅಂಟಿಸಿರುವನಂತೆ. ಅದರಲ್ಲಿ ಐದು ಪಟ್ಟೆಗಳು; ಮೇಲೂ ಕೆಳಗೂ ತಿಳಿನೀಲಿ, ಅವುಗಳ ಒಳಮಗ್ಗುಲಿಗೆ ತಿಳಿಗುಲಾಬಿ, ನಟ್ಟನಡುವೆ ಬಿಳಿ. “ಇದು ಯಾವ ದೇಶದ ಧ್ವಜ? ಕೇಳಿದರೆ ಹುಡುಗ ಬಾಯಿ ಬಿಡುವುದಿಲ್ಲ. ಹಬ್ಬಕ್ಕೆ ನೆಂಟರು ಬರುವ ಮೊದಲು ತೆಗೆಸಿಬಿಡಲೆ?” ಎಂಬುದು ಅವರ ಪ್ರಶ್ನೆ.

ಇದು ಯಾವ ದೇಶದ ಧ್ವಜವೂ ಅಲ್ಲ. ಗಂಡೆಂದು ಹೆಸರಿಟ್ಟು ಬೆಳೆಸಿದರೂ ತಾನು ಹೆಣ್ಣೆಂದು, ಹೆಣ್ಣೆಂದು ಬೆಳೆಸಿದರೂ ತಾನು ಗಂಡೆಂದು, ಇಲ್ಲವೆ ಎರಡೂ ಅಲ್ಲವೆಂದು ತಮ್ಮನ್ನು ಅರಿತುಕೊಂಡ ಜನರ ಗುರುತು. ಅಮೆರಿಕೆಯ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ಮೋನಿಕಾ ಹೆಲ್ಮ್ಸ್ ಎಂಬವರು, ತಾವೂ ಅಂಥವರೇ ಆಗಿದ್ದು, 1999ರಲ್ಲಿ ಇದನ್ನು ರೂಪಿಸಿದರು. ಮರುವರ್ಷ ಅರಿಜೋನಾ ಪ್ರಾಂತದ ಫೀನಿಕ್ಸ್ ಪಟ್ಟಣದ ಮೆರವಣಿಗೆಯಲ್ಲಿ ಅದು ಮೊದಲು ಹಾರಿತು. ಆ ದೇಶದಲ್ಲಿ ಗಂಡುಕೂಸಿಗೆ ನೀಲಿ, ಹೆಣ್ಣುಕೂಸಿಗೆ ಗುಲಾಬಿ ಎಂಬ ರೂಢಿ ಇದೆ; ಒಂದರಿಂದ ಇನ್ನೊಂದಕ್ಕೆ ಸಾಗುತ್ತಿರುವವರಿಗೂ ಯಾವುದಕ್ಕೂ ಸೇರದವರಿಗೂ ಬಿಳಿ. ಹೇಗೆ ತಿರುಗಿಸಿ ಹಿಡಿದರೂ ಈ ಬಾವುಟ ತಲೆಕೆಳಗಾಗದಂತೆ ಅವರು ಪಟ್ಟೆಗಳನ್ನು ಜೋಡಿಸಿದರು.

ಈ ಬಣ್ಣಗಳು ನಮ್ಮ ಕಣ್ಣಿಗೆ ಮಾತನಾಡುವುದಿಲ್ಲವೆಂಬುದು ನಿಜ. ನಮ್ಮಲ್ಲಿ ಕೂಸನ್ನು ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಾರೆ. ಅದರ ಬಣ್ಣವನ್ನು ಯಾರು ನೋಡಿದರು? ಆದರೆ ಇಂಥ ಜನರಿಗೆ ನಮ್ಮ ನಾಡಿನಲ್ಲಿ ಗುರುತುಗಳೇ ಇರಲಿಲ್ಲವೆಂದು ತಿಳಿಯಲಾಗದು. ಸವದತ್ತಿಯ ಎಲ್ಲಮ್ಮನಿಗೂ ಹುಲಿಗಿಯ ಹುಲಿಗೆಮ್ಮನಿಗೂ ನಡೆದುಕೊಳ್ಳುವ ಜೋಗಪ್ಪಂದಿರನ್ನು ಬಯಲುಸೀಮೆಯ ಯಾವ ಮನೆಯವರೂ ದೂರದಿಂದಲೇ ಬಲ್ಲರು. ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಮುತ್ತು, ಕೈತುಂಬ ಹಸಿರು ಬಳೆ, ಹಣೆಯಲ್ಲಿ ಭಂಡಾರ, ತಲೆಯ ಮೇಲೆ ದೇವಿಯ ಜಗ, ಭಿಕ್ಷೆಗೆ ಬಿದಿರಿನ ಪಡಲಿಗೆ, ಸಂಗಡ ಚೌಡಿಕೆಯ ನಾದ. “ಉಧೋ ಉಧೋ” ಎಂಬ ಕೂಗು ಅಂಗಳಕ್ಕೆ ಮುಟ್ಟುವಷ್ಟರಲ್ಲಿ ಮನೆಯೊಡತಿ ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಿಗೆ ಬಂದಿರುತ್ತಾಳೆ.

ಒಂದೊಂದು ಗುರುತಿನ ಹಿಂದೆಯೂ ಕತೆಯುಂಟು. ರೇಣುಕೆಯು ದಿನವೂ ಮಲಪ್ರಭೆಯ ಮರಳಿನಿಂದ ಕೊಡವನ್ನು ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ನೀರು ತರುತ್ತಿದ್ದಳು. ಜಲಕ್ರೀಡೆಯನ್ನು ಕಂಡು ಒಂದು ದಿನ ಮನಸ್ಸು ಕದಲಲು ಕೊಡ ನಿಲ್ಲಲಿಲ್ಲ. ಜೋಗತಿ ಕುಣಿತದಲ್ಲಿ ಕೈ ಹಿಡಿಯದೆ ತಲೆಯ ಮೇಲೆ ನಿಲ್ಲಿಸುವ ಕೊಡವು ಆ ಕೊಡವೇ. ತಾಯಿಯನ್ನು ಕಡಿಯಲೊಲ್ಲದ ಮಕ್ಕಳನ್ನು ಜಮದಗ್ನಿಯು ಶಪಿಸಿ ಷಂಡರನ್ನಾಗಿಸಿದನೆಂದೂ ಜೋಗಪ್ಪಂದಿರು ಅವರ ಪರಂಪರೆಯವರೆಂದೂ ಹೇಳುವುದುಂಟು. ತಾಯಿಯ ಮೇಲೆ ಕೊಡಲಿ ಎತ್ತಲೊಪ್ಪದವರಿಗೆ ಶಾಪ, ಎತ್ತಿದವನಿಗೆ ವರ! ಈ ನ್ಯಾಯವು ನಮಗೆ ಬಾಲ್ಯದಿಂದಲೂ ಅರ್ಥವಾಗಿಲ್ಲ. ಜಮದಗ್ನಿಯು ಮಡಿದ ನೆನಪಿಗೆ ರಂಡೆ ಹುಣ್ಣಿಮೆಯಂದು ಬಳೆಗಳನ್ನು ಒಡೆದು, ಮುತ್ತೈದೆ ಹುಣ್ಣಿಮೆಯಂದು ಮತ್ತೆ ಹಸಿರು ಬಳೆ ಇಡುವ ಆಚಾರವೂ ಅಲ್ಲುಂಟು. ದೇವಿಯ ದುಃಖವನ್ನು ತಮ್ಮ ಕೈಯಲ್ಲಿಯೇ ಧರಿಸುವುದಿದು.

ಆದರೆ ಮುತ್ತಿನ ಇನ್ನೊಂದು ಮುಖವನ್ನು ಮರೆಮಾಚಿದರೆ ಅನ್ಯಾಯವಾದೀತು. ಇದೇ ಮಣಿಸರವನ್ನು ಏನೂ ಅರಿಯದ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಕಟ್ಟಿ ಅವರ ಬಾಳನ್ನು ಹಾಳುಮಾಡಿದುದುಂಟು. ಅದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಆಯಿತು. ಹಾಗಾಗಿ ಒಂದೇ ಮಣಿಸರವು ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಉರುಳು. ಕೊರಳು ತಾನಾಗಿ ಬಾಗಿತೋ ಇತರರು ಬಾಗಿಸಿದರೋ ಎಂಬುದೇ ಇಲ್ಲಿ ಮುಖ್ಯ.

ಮಂಜಮ್ಮ ಜೋಗತಿಯವರ ಹೆಸರನ್ನು ಓದುಗರು ಕೇಳಿರಬಹುದು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥನೆಂಬ ಹೆಸರಿನಿಂದ ಬೆಳೆದವರು. ಮನೆಯವರು ಹುಲಿಗಿಗೆ ಕರೆದೊಯ್ದು ಉಡಿದಾರವನ್ನು ತೆಗೆಸಿ, ಸೀರೆ ಬಳೆ ತೊಡಿಸಿ, ಮುತ್ತು ಕಟ್ಟಿಸಿದರು. ಮಗನು ಇನ್ನಿಲ್ಲವೆಂದು ತಾಯಿ ಅತ್ತರಂತೆ. ಆಮೇಲೆ ಮನೆ ತಪ್ಪಿತು, ಭಿಕ್ಷೆ ಬಂತು. ಕಾಳವ್ವ ಜೋಗತಿಯವರ ಬಳಿ ಕಲಿತ ಕುಣಿತವು ಬಾಳನ್ನು ಕಾಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್ 9ರಂದು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಅಂದು ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರ ಮುಂದೆ ನಿಂತು ತಮ್ಮ ಸೆರಗನ್ನು ಹಿಡಿದು ದೃಷ್ಟಿ ತೆಗೆದರು. ಅದು ಪಂಡಿತರು ಬಿಡಿಸಿ ಹೇಳಬೇಕಾದ ಸಂಕೇತವಾಗಿರಲಿಲ್ಲ. ಹಟ್ಟಿಯ ಹೆಂಗಸಿಗೂ ಅಟ್ಟದ ಮನೆಯವರಿಗೂ ಒಮ್ಮೆಗೇ ತಿಳಿಯಿತು.

ಇಷ್ಟಿದ್ದ ಮೇಲೆ ಹೊರನಾಡಿನ ಬಾವುಟವೇಕೆಂದು ಕೇಳುವವರುಂಟು. ನಮಗೆ ತೋರುವುದಿಷ್ಟು. ಜಗ ಹೊತ್ತವರಿಗೆ ನಾವು ತೋರುವ ಮರ್ಯಾದೆಯು ದೇವಿಗೆ ಸಲ್ಲುವುದು, ಮತ್ತು ಹೊಸ್ತಿಲಿನ ಹೊರಗೇ ನಿಲ್ಲುವುದು. ಅವರ ಪಡಲಿಗೆಗೆ ಅಕ್ಕಿ ಸುರಿದ ಕೈಯೇ, ಅಕ್ಕನ ಲಂಗ ಉಟ್ಟ ಸ್ವಂತ ಮಗನ ಮೇಲೆ ಬರಲನ್ನು ಎತ್ತುವುದು. ನಮ್ಮ ಸೀಮೆಯವರು ತಾಳಮದ್ದಲೆಯಲ್ಲಿ ಬೃಹನ್ನಳೆಯ ಅರ್ಥಕ್ಕೆ ತಲೆದೂಗುತ್ತ ಬೆಳಗು ಮಾಡಿದವರು. ಯಕ್ಷಗಾನದ ಸ್ತ್ರೀವೇಷವನ್ನು ಕೊಂಡಾಡಿದವರು. ವೇಷವು ಬೆಳಗಾಗುವಾಗ ಕಳಚುವುದೆಂಬ ಧೈರ್ಯ ನಮಗೆ! ಕಳಚಲಾಗದವರು, ದೇವಿಗೆ ಬಿಟ್ಟುಕೊಳ್ಳದೆ ಶಾಲೆ ಕಚೇರಿಗಳಲ್ಲಿ ಎಲ್ಲರಂತೆ ಬಾಳಲು ಬಯಸುವವರು ಯಾವ ಗುರುತನ್ನು ಹಿಡಿದಾರು? 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇಂಥವರು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕುಳ್ಳವರೆಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರಕಾರವು ನೌಕರಿಯಲ್ಲಿ ನೂರಕ್ಕೆ ಒಂದರಂತೆ ಮೀಸಲಿಟ್ಟಿತು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಮೆರವಣಿಗೆಯಂಥ ಕಡೆಗಳಲ್ಲಿ ಬಾವುಟ ಹಿಡಿಯುವವರು ಭಿಕ್ಷೆಯನ್ನೂ ಬೇಡುವುದಿಲ್ಲ, ಹರಕೆಯನ್ನೂ ಕೊಡುವುದಿಲ್ಲ.

ನಂದೊಳ್ಳಿಯ ತಾಯಿಯವರೆ, ಗೋಡೆಯ ಮೇಲೆ ಬಾವುಟವಿದ್ದ ಮಾತ್ರಕ್ಕೆ ಮೊಮ್ಮಗನನ್ನು ಕುರಿತು ಏನನ್ನೂ ನಿಶ್ಚಯಿಸಬೇಡಿರಿ. ಗೆಳೆಯನೊಬ್ಬನ ಸಲುವಾಗಿ ಅಂಟಿಸಿದ್ದರೂ ಅಂಟಿಸಿರಬಹುದು. ತೆಗೆಸಬೇಡಿರಿ. ನೆಂಟರು ಕೇಳಿದರೆ ಅದು ಹುಡುಗನದು, ಅಲ್ಲಿಯೇ ಇರಲಿ ಎಂದರೆ ಸಾಕು. ಬಾಯಿ ಬಿಡದವನನ್ನು ಬಾಯಿ ಬಿಡಿಸಲು ಹೋಗದೆ, ಸಂಜೆ ಅಡಕೆ ಸುಲಿಯುವಾಗ ಬಳಿಯಲ್ಲಿ ಕೂರಿಸಿಕೊಂಡು ಈ ರೇಣುಕೆಯ ಮಕ್ಕಳ ಕತೆಯನ್ನು ನೀವೇ ಹೇಳಬಹುದು. ಆಡುವುದಿದ್ದರೆ ಆಡುವನು.

ಇಂಥವರನ್ನು ಏನೆಂದು ಕರೆಯಬೇಕೆಂದೂ ಪತ್ರದ ಕೊನೆಯಲ್ಲಿ ಕೇಳಿರುವಿರಿ. ಸರಕಾರದ ಕಾಗದಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರೆಂದಿದೆ. ಪತ್ರಿಕೆಗಳಲ್ಲಿ ಮಂಗಳಮುಖಿಯರೆಂಬ ಮಾತು ಬಳಕೆಯಲ್ಲಿದೆ. ಎದುರಿಗಿದ್ದವರಿಗೆ ಈ ಎರಡೂ ಬೇಡ. ಅವರವರು ಹೇಳಿದ ಹೆಸರನ್ನೇ, ಅಮ್ಮ ಅಣ್ಣ ಎಂದು ಅವರು ಒಪ್ಪುವಂತೆ ಸೇರಿಸಿ ಕರೆಯಿರಿ. ಮಂಜಮ್ಮನವರಂತೂ ಪದ್ಮಶ್ರೀ ಬಂದ ಮೇಲೆಯೂ ಜೋಗತಿಯೆಂಬುದನ್ನು ಹೆಸರಿನಿಂದ ಬಿಡಲಿಲ್ಲ.