6,500 ರೂಪಾಯಿಯ ರಿಪೇರಿ, ಒಂದು ಬೋಲ್ಟ್ (ಭಾಗ 3)

ಬ್ರೇಕ್ ಒತ್ತಿದ್ರೆ ಹಿಂದಿನ ಕೆಂಪು ಲೈಟು ಜೋರಾಗಬೇಕು ತಾನೇ? ಅಪ್ಪನ ಹಳೇ ಕಾರಲ್ಲಿ ಬಲಗಡೆ ಮಾತ್ರ ಉಲ್ಟಾ. ಬ್ರೇಕ್ ಒತ್ತಿದ ತಕ್ಷಣ ಪಾರ್ಕಿಂಗ್ ಲೈಟು ಮಂಕಾಗ್ತಿತ್ತು, ಪಕ್ಕದ ಇಂಡಿಕೇಟರ್ ಸಣ್ಣಗೆ ಹೊಳೀತಿತ್ತು. ಗ್ಯಾರೇಜಿನವರು ಒಂದು ಸಲ ಇಣುಕಿ "ವೈರಿಂಗ್ ಪೂರ್ತಿ ಹೋಗಿದೆ ಸಾರ್, 6,500 ಆಗುತ್ತೆ" ಅಂದ್ರು. ಅಪ್ಪ ಹೂಂ ಅನ್ನೋದ್ರಲ್ಲಿದ್ರು. ನಾನು ಒಂದು ದಿನ ಟೈಮ್ ಕೇಳಿದೆ.

ಎರಡನೇ ಫೋಟೊ ನೋಡಿ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಟೇಲ್ ಲೈಟಿನ ವೈರಿಂಗ್ ಡಯಾಗ್ರಾಂ. ಮೊದಲು ನನಗೂ ಒತ್ತು ಶಾವಿಗೆ ಥರ ಕಾಣ್ತು. "ಇದು ಡಿಪ್ಲೊಮಾದವರ ಕೆಲಸ, ನಾವು ಬಿಕಾಂ" ಅಂತ ಮುಚ್ಚಿಡೋದು ಸುಲಭ. ಆದ್ರೆ ನಾವು ದಿನಾ ಮಾಡೋದೂ ಇದೇ ಅಲ್ವಾ? ದುಡ್ಡು ಎಲ್ಲಿಂದ ಹೊರಟಿತು, ಎಲ್ಲಿ ಸೇರಿತು ಅಂತ ಹುಡುಕೋದು.

ಇಡೀ ಪುಟ ಓದಬೇಡಿ. ಕೆಟ್ಟಿರೋ ಒಂದು ಬಲ್ಬ್ ಹಿಡ್ಕೊಳ್ಳಿ. ಅಲ್ಲಿಂದ ಬೆರಳಿಟ್ಟು ಮೇಲೆ ಹೋದ್ರೆ ಸ್ವಿಚ್, ಫ್ಯೂಸ್, ಬ್ಯಾಟರಿ. ಕೆಳಗೆ ಬಂದ್ರೆ ಅರ್ತ್. ಗೆರೆ ದಾಟೋ ಕಡೆ ಚುಕ್ಕಿ ಇದ್ರೆ ಮಾತ್ರ ಜೋಡಣೆ. ಗೆರೆ ಪಕ್ಕದ ಅಕ್ಷರ ವೈರಿನ ಬಣ್ಣ. ಜಪಾನ್ ಕಂಪನಿಗಳಲ್ಲಿ ಸಾಮಾನ್ಯವಾಗಿ 'ಬಿ' ಅಂದ್ರೆ ಕಪ್ಪು, 'ಎಲ್' ಅಂದ್ರೆ ನೀಲಿ (ನಾನು ಇದರಲ್ಲೇ ಅರ್ಧ ಗಂಟೆ ಕಳ್ಕೊಂಡೆ). ಜರ್ಮನ್ ಕಾರಲ್ಲಿ ಅರ್ತ್ ವೈರು ಕಂದು. ಅಲ್ಲೇ 30 ಅಂತ ಬರೆದಿದ್ರೆ ಬ್ಯಾಟರಿಯ ನೇರ ಪ್ಲಸ್, 15 ಅಂದ್ರೆ ಕೀ ತಿರುಗಿಸಿದ ಮೇಲೆ ಬರೋ ಪ್ಲಸ್, 31 ಅಂದ್ರೆ ಅರ್ತ್.

ನಮ್ಮ ಕಾರಲ್ಲಿ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರಕ್ಕೂ ಮೇಲಿನ ದಾರಿ ಬೇರೆ ಬೇರೆ. ಕೆಳಗೆ ಮಾತ್ರ ಮೂರೂ ಸೇರಿ ಒಂದೇ ಬೋಲ್ಟಿಂದ ಬಾಡಿಗೆ. ಆ ಬೋಲ್ಟ್ ತುಕ್ಕು ಹಿಡಿದ್ರೆ ವಾಪಸ್ ದಾರಿ ಬಂದ್. ಆಗ ಬ್ರೇಕಿನ ಕರೆಂಟು ಪಕ್ಕದ ಬಲ್ಬುಗಳ ಒಳಗೆ ನುಸುಳಿ ಹೊರಗೆ ಹೋಗೋಕೆ ನೋಡುತ್ತೆ. ನಮ್ಮ ತೊಂದರೆ ಅಷ್ಟೇ. ಬ್ಯಾಟರಿ ಮೈನಸ್ ತೆಗೆದು, ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಚ್ಚಿ, ಸ್ಯಾಂಡ್ ಪೇಪರಲ್ಲಿ ಉಜ್ಜಿ ಬಿಗಿ ಮಾಡಿದೆ. ಮೂರನೇ ಫೋಟೊ, ಮೊದಲೂ ಆಮೇಲೂ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂತ ಯಾರಾದ್ರೂ ಇಡೀ ಲೆಡ್ಜರ್ ಹೊಸದಾಗಿ ಬರೀತಾರಾ? ಎಲ್ಲಾ ಮೆಕ್ಯಾನಿಕ್‌ಗಳೂ ಹಾಗೆ ಅಂತ ನಾನು ಹೇಳ್ತಿಲ್ಲ. ಒಳ್ಳೆ ಆಟೊ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕ್ತಾರೆ, ಆ ಹುಡುಕೋ ಕೆಲಸಕ್ಕೆ ಕೇಳಿದಷ್ಟು ಕೊಡಿ. ಆದ್ರೆ "ಬದಲಾಯಿಸಿ ನೋಡೋಣ" ಅನ್ನೋರಿಗೆ "ಯಾವ ವೈರು, ಎಲ್ಲಿ ಕಟ್ ಆಗಿದೆ?" ಅಂತ ಕೇಳೋಕಾದ್ರೂ ನಮಗೆ ಬರಬೇಕು.

ಒಂದು ವಿಷಯದಲ್ಲಿ ಜಗಳಕ್ಕೂ ರೆಡಿ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಕೆಂಪು 10 ಆಂಪಿಯರ್ ಜಾಗಕ್ಕೆ ಹಸಿರು 30 ಹಾಕ್ಬೇಡಿ, ತಂತಿ ಸುತ್ತೋದಂತೂ ಬೇಡವೇ ಬೇಡ. ಫ್ಯೂಸ್ ಇರೋದು ವೈರು ಕಾಯೋಕೆ. ಅದು ಸುಡಲಿಲ್ಲ ಅಂದ್ರೆ ವೈರು ಸುಡುತ್ತೆ, ಆಮೇಲೆ ಕಾರು. ಹಳದಿ ಕನೆಕ್ಟರ್ ಕಂಡ್ರೆ ಕೈ ಹಿಂದೆ ತಗೊಳ್ಳಿ, ಅದು ಏರ್‌ಬ್ಯಾಗಿಂದು.

ಮುಂದಿನ ಭಾಗ ಹಾರ್ನ್ ರಿಲೇ. ಅಷ್ಟರಲ್ಲಿ ಮನೆ ಕಾರಿನ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಭಾಗದ ಫೋಟೊ ತೆಗೆದು ಸ್ಟೋರಿಯಲ್ಲಿ ಟ್ಯಾಗ್ ಮಾಡಿ, ಒಟ್ಟಿಗೆ ಓದೋಣ.